ರಾಕ್‌ಲ್ಯಾಂಡ್ ದೀಪಸ್ತಂಭಕ್ಕೆ ಹೋಗುವವರೇ, ಹೊರಡುವ ಮುಂಚೆ ಉಬ್ಬರದ ಟೈಮ್ ನೋಡಿ

ಬೇಸಿಗೆ ಶುರುವಾದರೆ ಸಾಕು, ಬಾಸ್ಟನ್ ಸುತ್ತಮುತ್ತ ಇರುವ ಕನ್ನಡದವರಿಂದ ಇದೇ ಪ್ರಶ್ನೆ. "ಮೇನ್ ಕಡೆ ಹೋಗ್ತಾ ಇದ್ದೀವಿ, ಸಮುದ್ರದೊಳಗೆ ಕಲ್ಲಿನ ಮೇಲೆ ನಡ್ಕೊಂಡು ಹೋಗೋ ಲೈಟ್‌ಹೌಸ್ ಒಂದಿದೆಯಂತಲ್ಲ, ಅದೆಲ್ಲಿ? ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರ ಕೈಲಿ ಆಗುತ್ತಾ? ಮಗುವಿನ ಸ್ಟ್ರೋಲರ್ ಹೋಗುತ್ತಾ? ಅಲ್ಲಿ ವೆಜ್ ಏನಾದ್ರೂ ಸಿಗುತ್ತಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಮೊದಲೇ ಒಂದು ಮಾತು. ಹೆಚ್ಚಿನವರು ಹೋಟೆಲ್ ಬುಕ್ ಮಾಡಿ, ರಜೆ ಹಾಕಿ, ಅಲ್ಲಿಗೆ ಹೋದ ಮೇಲೆ ಸಮುದ್ರ ಹೇಗಿದೆ ಅಂತ ನೋಡುತ್ತಾರೆ. ಇದು ಉಲ್ಟಾ. ಈ ಜಾಗದಲ್ಲಿ ನಿಮ್ಮ ಟೈಮ್‌ಟೇಬಲ್ ಬರೆಯುವುದು ಉಬ್ಬರ-ಇಳಿತ ಮತ್ತು ಗಾಳಿ. ದೀಪಸ್ತಂಭದ ಬಾಗಿಲು ತೆರೆದಿದೆಯೋ ಇಲ್ಲವೋ ಅನ್ನೋದು ಆಮೇಲಿನ ವಿಷಯ.

ಅದು ಏನು, ಎಲ್ಲಿದೆ

ರಾಕ್‌ಲ್ಯಾಂಡ್ ಇರುವುದು ಅಮೆರಿಕದ ಮೇನ್ ರಾಜ್ಯದಲ್ಲಿ, ಪೆನೊಬ್‌ಸ್ಕಾಟ್ ಕೊಲ್ಲಿಯ ಪಕ್ಕ. ಬಾಸ್ಟನ್‌ನಿಂದ ಸುಮಾರು 190 ಮೈಲಿ, ಪೋರ್ಟ್‌ಲ್ಯಾಂಡ್‌ನಿಂದ ಸುಮಾರು 80. ಹತ್ತೊಂಬತ್ತನೇ ಶತಮಾನದಲ್ಲಿ ಈ ಊರಿನ ದೊಡ್ಡ ವ್ಯಾಪಾರ ಸುಣ್ಣ. ಇಲ್ಲೇ ಸುಣ್ಣದ ಕಲ್ಲು ಸುಟ್ಟು, ಹಾಯಿಹಡಗಿಗೆ ತುಂಬಿ, ದೊಡ್ಡ ಊರುಗಳಿಗೆ ಕಳಿಸುತ್ತಿದ್ದರು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಗೋಡೆಗೆ ಸುಣ್ಣ ಹೊಡೆದವರಿಗೆ ಗೊತ್ತು, ಕುದಿಯುತ್ತದೆ. ಹಡಗಿನೊಳಗೆ ಸಮುದ್ರದ ನೀರು ನುಗ್ಗಿದರೆ ಆ ಶಾಖಕ್ಕೆ ಹಡಗೇ ಹೊತ್ತಿಕೊಳ್ಳುತ್ತಿತ್ತು! ಇಂಥ ಬಂದರಿನ ಬಾಯಿ ಪೂರ್ವಕ್ಕೆ ಪೂರ್ತಿ ತೆರೆದಿತ್ತು. ನಾರ್‌ಈಸ್ಟರ್ ಅಂತ ಇಲ್ಲಿಯವರು ಕರೆಯುವ, ಈಶಾನ್ಯದಿಂದ ನುಗ್ಗಿ ಬರುವ ಬಿರುಗಾಳಿಗೆ ಒಳಗೆ ನಿಂತ ಹಡಗುಗಳಿಗೂ ರಕ್ಷಣೆ ಇರಲಿಲ್ಲ.

ಅದಕ್ಕೇ ಬ್ರೇಕ್‌ವಾಟರ್ ಕಟ್ಟಿದರು. ಬ್ರೇಕ್‌ವಾಟರ್ ಅಂದರೆ ಅಲೆಯ ಹೊಡೆತ ಬಂದರಿನೊಳಗೆ ಬರದಂತೆ ಸಮುದ್ರಕ್ಕೆ ಅಡ್ಡವಾಗಿ ಕಲ್ಲು ಸುರಿದು ಕಟ್ಟುವ ಗೋಡೆ. ಮಲ್ಪೆಯಲ್ಲಿ ಸೀ ವಾಕ್ ಮೇಲೆ ನಡೆದವರಿಗೆ ಇದರ ಅಂದಾಜು ಇರುತ್ತದೆ. ರಾಕ್‌ಲ್ಯಾಂಡಿನದು ಸೇನೆಯ ಎಂಜಿನಿಯರ್ ದಳ 1881ರಲ್ಲಿ ಶುರು ಮಾಡಿ 1899ರಲ್ಲಿ ಮುಗಿಸಿದ್ದು. ಉದ್ದ 4,346 ಅಡಿ, ಅಂದರೆ 1.3 ಕಿಲೋಮೀಟರು. ಹಾಕಿದ ಗ್ರಾನೈಟ್ ಸುಮಾರು 7 ಲಕ್ಷ ಟನ್. ಮೇಲೆ ನಡೆಯುವಾಗ ಕಾಣುವುದು ಅದರ ನೆತ್ತಿ ಮಾತ್ರ, ಉಳಿದದ್ದೆಲ್ಲ ನೀರಿನೊಳಗೆ ಅಗಲವಾಗಿ ಹರಡಿದೆ. ಗೋಡೆ ಬೆಳೆದಂತೆಲ್ಲ ತುದಿಯಲ್ಲಿ ಒಂದು ಸಣ್ಣ ದೀಪವನ್ನು ಮುಂದಮುಂದಕ್ಕೆ ಸಾಗಿಸುತ್ತಾ ಹೋದರು. ಕೊನೆಗೆ 1902ರಲ್ಲಿ ಈಗಿನ ದೀಪಸ್ತಂಭ ಬಂತು.

ಒಂದು ನಿರಾಸೆ ಈಗಲೇ ಮುಗಿಸಿಬಿಡೋಣ. ಕಾಪುವಿನ ದೀಪಸ್ತಂಭ 1901ರದು, ಇದಕ್ಕಿಂತ ಒಂದೇ ವರ್ಷ ದೊಡ್ಡದು. ಆದರೆ ಅದರ ಹಾಗೆ ಎತ್ತರದ ಕಂಬ, ಸುತ್ತುಮೆಟ್ಟಿಲು ಇಲ್ಲಿ ಹುಡುಕಬೇಡಿ. ಇಲ್ಲಿರುವುದು ಇಟ್ಟಿಗೆಯ ಒಂದು ಮನೆ, ಅದಕ್ಕೆ ಅಂಟಿದ ಗಿಡ್ಡ ಚೌಕದ ಗೋಪುರ, ಮೇಲೆ ದೀಪದ ಕೋಣೆ. ದೀಪ ನೀರಿನಿಂದ 39 ಅಡಿ ಎತ್ತರದಲ್ಲಿದೆ, ಅಷ್ಟೇ. ನೋಡಬೇಕಾದ್ದು ಗೋಪುರಕ್ಕಿಂತ ಜಾಸ್ತಿ ಆ ದಾರಿ.

ಹಂತ 1: ಯಾರು ನಡೆಯಬಹುದು, ಮನೆಯಲ್ಲೇ ತೀರ್ಮಾನ ಮಾಡಿ

ಹೋಗಿ ಬರಲು ಸುಮಾರು 2.7 ಕಿಲೋಮೀಟರು, ಕಾರ್ ನಿಲ್ಲಿಸಿದ ಜಾಗದಿಂದ ಬ್ರೇಕ್‌ವಾಟರ್‌ವರೆಗಿನ ಕಾಲುದಾರಿ ಬೇರೆ. ದೂರ ಜಾಸ್ತಿ ಅಲ್ಲ. ತೊಂದರೆ ಇರುವುದು ನೆಲದಲ್ಲಿ. ಮೇಲ್ಭಾಗ ದೊಡ್ಡ ದೊಡ್ಡ ಗ್ರಾನೈಟ್ ಚಪ್ಪಡಿಗಳು, ಸುಮಾರಾಗಿ ಸಮತಟ್ಟು, ಆದರೆ ಎರಡು ಕಲ್ಲಿನ ನಡುವೆ ಸಂದು. ಕೆಲವು ಕಡೆ ಬೆರಳು ಹೋಗುವಷ್ಟು, ಕೆಲವು ಕಡೆ ಪಾದ ಸಿಕ್ಕಿಹಾಕಿಕೊಳ್ಳುವಷ್ಟು. ಒಂದು ಕಲ್ಲಿಗಿಂತ ಪಕ್ಕದ್ದು ಸ್ವಲ್ಪ ತಗ್ಗಿರಬಹುದು, ಸ್ವಲ್ಪ ವಾಲಿರಬಹುದು. ಕಂಬಿ ಇಲ್ಲ, ಹಗ್ಗ ಇಲ್ಲ, ಎರಡೂ ಕಡೆ ನೀರು. ಕೂರಲು ಬೆಂಚೂ ಇಲ್ಲ.

ಹಾಗಾಗಿ:

ಮಂಡಿ ನೋವು, ತಲೆಸುತ್ತು ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಪೂರ್ತಿ ನಡೆಯುವ ಆಸೆ ಬಿಡುವುದು ಒಳ್ಳೆಯದು. ಶುರುವಿನ ನೂರಿನ್ನೂರು ಅಡಿ ಹೋಗಿ ವಾಪಸ್ ಬಂದರೂ ನೋಟಕ್ಕೆ ಮೋಸವಿಲ್ಲ. "ಅಷ್ಟು ದೂರ ಬಂದು ಅರ್ಧಕ್ಕೆ ಬರೋದಾ?" ಅಂತ ಹಟ ಹಿಡಿಯುವವರು ಸಾಮಾನ್ಯವಾಗಿ ಅಪ್ಪಂದಿರೇ, ಅವರಿಗೆ ಮನೆಯಲ್ಲೇ ಹೇಳಿ ಒಪ್ಪಿಸಿಕೊಂಡು ಬನ್ನಿ. ಅರ್ಧ ದಾರಿಯಲ್ಲಿ ಸುಸ್ತಾದರೆ ಅಲ್ಲಿಗೆ ಯಾವ ಗಾಡಿಯೂ ಬರುವುದಿಲ್ಲ. ನಡೆದೇ ವಾಪಸ್ ಬರಬೇಕು.

ಸ್ಟ್ರೋಲರ್ ಆಗುವುದಿಲ್ಲ, ಗಾಲಿಕುರ್ಚಿಯೂ ಆಗುವುದಿಲ್ಲ. ಚಿಕ್ಕ ಚಕ್ರ ಮೊದಲ ಸಂದಿನಲ್ಲೇ ಸಿಕ್ಕಿಬೀಳುತ್ತದೆ. ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಇದ್ದರೆ ಸರಿ, ಆದರೆ ಅದರಿಂದ ನಿಮ್ಮ ಕಾಲಿನ ಹತ್ತಿರದ ನೆಲ ನಿಮಗೇ ಕಾಣುವುದಿಲ್ಲ ಅನ್ನೋದು ನೆನಪಿರಲಿ. ಬೆನ್ನಿಗೆ ಕಟ್ಟುವಂಥದ್ದು ಇನ್ನೂ ಒಳ್ಳೆಯದು. ಮೂರ್ನಾಲ್ಕು ವರ್ಷದ ಮಕ್ಕಳ ಕೈ ಬಿಡುವಂತಿಲ್ಲ, ಅಲ್ಲಿಂದ ಇಲ್ಲಿವರೆಗೂ.

ಹಂತ 2: ಉಬ್ಬರ ನೋಡಿ ಗಂಟೆ ಆರಿಸಿ

ಇದೇ ಮುಖ್ಯ, ಇದನ್ನೇ ಎಲ್ಲರೂ ಬಿಡುವುದು.

ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರ್ ಆಸುಪಾಸು ವ್ಯತ್ಯಾಸ. ಬೀಚಿನಲ್ಲಿ ನಿಂತವರಿಗೆ ಅದು ಗೊತ್ತೂ ಆಗುವುದಿಲ್ಲ. ರಾಕ್‌ಲ್ಯಾಂಡಿನಲ್ಲಿ ಅದು ಸುಮಾರು 10 ಅಡಿ, ಅಂದರೆ ಮೂರು ಮೀಟರ್. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು ಹನ್ನೆರಡೂವರೆ ಗಂಟೆ, ಹಾಗಾಗಿ ದಿನದಿಂದ ದಿನಕ್ಕೆ ಅದು 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಹೋದ ವಾರ ಹೋದವರು "ಬೆಳಗ್ಗೆ ಹತ್ತಕ್ಕೆ ಹೋಗಿ, ಚೆನ್ನಾಗಿತ್ತು" ಅಂದರೆ ಅದು ನಿಮ್ಮ ವಾರಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಅವರ ಇಳಿತದ ಹೊತ್ತು ನಿಮ್ಮ ಉಬ್ಬರದ ಹೊತ್ತಾಗಿರಬಹುದು.

ಎಲ್ಲಿ ನೋಡಬೇಕು? ಅಮೆರಿಕ ಸರ್ಕಾರದ, ಸಮುದ್ರ-ಹವಾಮಾನ ನೋಡಿಕೊಳ್ಳುವ ನೋವಾ (NOAA) ಸಂಸ್ಥೆಯ 'ಟೈಡ್ಸ್ ಅಂಡ್ ಕರೆಂಟ್ಸ್' ಜಾಲತಾಣಕ್ಕೆ ಹೋಗಿ ಮೇನ್ ರಾಜ್ಯ, ರಾಕ್‌ಲ್ಯಾಂಡ್ ಅಂತ ಆರಿಸಿ, ನಿಮ್ಮ ತಾರೀಕು ಹಾಕಿ. ಪುಕ್ಕಟೆ. ಪಟ್ಟಿಯಲ್ಲಿ ಸಮಯ ಮತ್ತು ಎತ್ತರ ಇರುತ್ತದೆ. ಆ ಎತ್ತರ ನೆಲದಿಂದ ಅಳೆದದ್ದಲ್ಲ. ದಿನದ ಎರಡು ಇಳಿತಗಳಲ್ಲಿ ಜಾಸ್ತಿ ಇಳಿಯುವುದು ಯಾವುದೋ ಅದರ ಸರಾಸರಿ ಮಟ್ಟವನ್ನು ಸೊನ್ನೆ ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಅದಕ್ಕೇ ಕೆಲವು ದಿನ ಇಳಿತದ ಎದುರಿಗೆ ಮೈನಸ್ ಸಂಖ್ಯೆ ಕಾಣುತ್ತದೆ. ಗಾಬರಿ ಬೇಡ, ಆ ದಿನ ನೀರು ಮಾಮೂಲಿಗಿಂತ ಕೆಳಗೆ ಹೋಗುತ್ತದೆ ಅಂತ ಅರ್ಥ. ಸಮಯ ಸ್ಥಳೀಯ ಗಡಿಯಾರದ್ದೇ ಎಂದು ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಜಿಎಂಟಿ ಅಂತ ಆರಿಸಿಕೊಂಡಿದ್ದರೆ ನಾಲ್ಕು ಗಂಟೆ ಎಡವಟ್ಟಾಗುತ್ತದೆ.

ಪಟ್ಟಿ ತೆರೆಯುವ ಮುಂಚೆಯೇ ಅಂದಾಜು ಬೇಕಾದರೆ ಅಮ್ಮನ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮುಂದಿನ ಒಂದೆರಡು ದಿನ ಉಬ್ಬರ ಜೋರು, ಇಳಿತವೂ ಜೋರು. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬಂದು ಎಳೆತ ಸೇರಿಕೊಳ್ಳುವುದರಿಂದ ಹೀಗೆ. ಅಷ್ಟಮಿ ಹೊತ್ತಿಗೆ ಎರಡೂ ಕಡಿಮೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವ ನಮ್ಮ ಮೀನುಗಾರರಿಗೆ ಇದು ಹೊಸದೇನಲ್ಲ. ಬೆಂಗಳೂರಿನಿಂದ ನೇರ ಬಾಸ್ಟನ್‌ಗೆ ಬಂದ ನಮ್ಮಂಥವರಿಗೆ ಹೇಳಬೇಕಾಗುತ್ತದೆ ಅಷ್ಟೇ.

ಈಗ ಲೆಕ್ಕ. ಉಬ್ಬರ ಮುಗಿದು ಒಂದೂವರೆ ಎರಡು ಗಂಟೆ ಆದ ಮೇಲೆ ನಡಿಗೆ ಶುರು ಮಾಡಿ. ನೀರು ಇಳಿಯುತ್ತಾ ಇರುತ್ತದೆ, ನೀವು ಎಷ್ಟು ನಿಧಾನ ಮಾಡಿದರೂ ಆತಂಕವಿಲ್ಲ. ಉದಾಹರಣೆಗೆ ಉಬ್ಬರ ಬೆಳಗ್ಗೆ 8:40ಕ್ಕೆ ಅಂತಿದ್ದರೆ 10:30ಕ್ಕೆ ಹೊರಡಿ. ಎರಡೂವರೆ ಗಂಟೆ ತೆಗೆದುಕೊಂಡರೂ ಒಂದು ಗಂಟೆಗೆ ವಾಪಸ್, ಆಗಲೂ ಇಳಿತಕ್ಕೆ ಇನ್ನೂ ಟೈಮ್ ಇರುತ್ತದೆ. ಪಟ್ಟಿಯಲ್ಲಿ ಉಬ್ಬರದ ಎತ್ತರ 11 ಅಡಿ ದಾಟಿದ್ದರೆ ಆ ಹೊತ್ತಿನಲ್ಲಿ ಕಲ್ಲಿನ ಮೇಲೆ ಇರಬೇಡಿ. ಇದು ನನ್ನ ಸ್ವಂತ ಕಟ್ಟು, ಯಾರೂ ಹಾಕಿದ ನಿಯಮ ಅಲ್ಲ. ಮಾಮೂಲಿ ಉಬ್ಬರಕ್ಕೆ ಶಾಂತ ದಿನ ದಾರಿ ಮುಳುಗುವುದಿಲ್ಲ. ಆದರೆ ದೊಡ್ಡ ಉಬ್ಬರ, ಮೇಲೆ ಒಂದಿಷ್ಟು ಗಾಳಿ, ಎರಡೂ ಸೇರಿದರೆ ಅಲೆ ಕಲ್ಲಿನ ಮೇಲೆ ಹತ್ತಿ ಆಚೆ ಕಡೆ ಇಳಿಯುತ್ತದೆ.

ಫೋಟೋ ತೆಗೆಯುವವರು ಕೇಳುತ್ತಾರೆ, ಯಾವಾಗ ಚಂದ? ನೀರು ತುಂಬಿದ್ದಾಗ ಗೋಡೆ ಸಣ್ಣ ಗೆರೆಯಾಗಿ ಕಾಣುತ್ತದೆ, ದೀಪಸ್ತಂಭ ತೇಲುವಂತೆ ಇರುತ್ತದೆ. ಅದನ್ನು ದಡದಿಂದ ತೆಗೆಯಿರಿ. ನೀರು ಇಳಿದಾಗ ಪಕ್ಕದ ಕಲ್ಲುಗಳ ಮೇಲಿನ ಕಂದು ಪಾಚಿ, ಬಿಳಿ ಚುಕ್ಕಿಯಂತೆ ಅಂಟಿದ ಚಿಪ್ಪುಗಳು, ಎಲ್ಲ ಬಯಲಾಗುತ್ತವೆ. ಮಕ್ಕಳಿಗೆ ಅದೇ ಜಾಸ್ತಿ ಇಷ್ಟ.

ಹಂತ 3: ಗಾಳಿ, ಮಂಜು, ಗುಡುಗು

ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ಇದ್ದರೆ ಸಾಲದು. ರಾಷ್ಟ್ರೀಯ ಹವಾಮಾನ ಸೇವೆಯವರು ಸಮುದ್ರಕ್ಕೆ ಅಂತ ಬೇರೆ ಮುನ್ಸೂಚನೆ ಕೊಡುತ್ತಾರೆ, ಅದರಲ್ಲಿ ಪೆನೊಬ್‌ಸ್ಕಾಟ್ ಕೊಲ್ಲಿಯದನ್ನು ಓದಿ. 'ಸ್ಮಾಲ್ ಕ್ರಾಫ್ಟ್ ಅಡ್ವೈಸರಿ' ಅಂತ ಕಂಡರೆ ಸಣ್ಣ ದೋಣಿಯವರು ಹುಷಾರು ಅಂತ ಎಚ್ಚರಿಕೆ. ದೋಣಿಗೆ ಹೇಳಿದ್ದು ಬ್ರೇಕ್‌ವಾಟರ್ ಮೇಲೆ ನಡೆಯುವವರಿಗೂ ಅನ್ವಯಿಸುತ್ತದೆ ಅಂತಲೇ ತಿಳಿದುಕೊಳ್ಳಿ. ಪೂರ್ವ, ಈಶಾನ್ಯ, ಆಗ್ನೇಯದಿಂದ ಬೀಸುವ ಗಾಳಿ ಕೆಟ್ಟದ್ದು, ಅಲೆಯನ್ನು ನೇರ ಗೋಡೆಗೆ ತಂದು ಹೊಡೆಯುತ್ತದೆ. ಪಶ್ಚಿಮದ ಗಾಳಿ ದಡದ ಕಡೆಯಿಂದ ಬರುವುದು, ಅಷ್ಟು ತೊಂದರೆಯಿಲ್ಲ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಚಂಡಮಾರುತ ನೂರಾರು ಮೈಲಿ ದೂರದಲ್ಲಿ ಸಾಗುತ್ತಿದ್ದರೂ ಅದರ ದೊಡ್ಡ ಅಲೆಗಳು ಇಲ್ಲಿಗೆ ಬಂದು ತಲುಪುತ್ತವೆ, ಆಕಾಶ ನೀಲಿಯಾಗಿರುತ್ತದೆ. 2009ರ ಆಗಸ್ಟ್‌ನಲ್ಲಿ ಬಿಲ್ ಚಂಡಮಾರುತದ ಅಲೆ ನೋಡಲು ಇದೇ ಮೇನ್‌ನ ಅಕೇಡಿಯಾ ರಾಷ್ಟ್ರೀಯ ಉದ್ಯಾನದ ಬಂಡೆಗಳ ಮೇಲೆ ಜನ ಸೇರಿದ್ದರು. ಅಲೆ ಕೆಲವರನ್ನು ಎಳೆದೊಯ್ದಿತು, ಒಂದು ಮಗು ತೀರಿಕೊಂಡಿತು. ರಾಕ್‌ಲ್ಯಾಂಡ್ ಕೊಲ್ಲಿಯೊಳಗೆ ಇರುವುದರಿಂದ ಅಷ್ಟು ಬಯಲಿಗೆ ಒಡ್ಡಿಕೊಂಡಿಲ್ಲ, ನಿಜ. ಆದರೂ ಅಂಥ ದಿನ ಅಲೆ ನೋಡಲು ಅಂತ ಅಲ್ಲಿಗೆ ಹೋಗಬೇಡಿ.

ಮಂಜು ಜೂನ್, ಜುಲೈ ಬೆಳಗ್ಗೆ ಮಾಮೂಲು. ಬಿಸಿ ತೇವದ ಗಾಳಿ ತಣ್ಣಗಿನ ಸಮುದ್ರದ ಮೇಲೆ ಬಂದು ಮಂಜಾಗುತ್ತದೆ. ಹೆಚ್ಚಾಗಿ ಮಧ್ಯಾಹ್ನದೊಳಗೆ ಕರಗುತ್ತದೆ. ತೆಳುವಾಗಿದ್ದರೆ ನಡೆಯಲು ಚೆನ್ನಾಗೇ ಇರುತ್ತದೆ, ಆದರೆ ಕಲ್ಲು ಒದ್ದೆಯಾಗಿರುತ್ತದೆ. ತುದಿಯಲ್ಲಿ ಮಂಜಿನ ಕಹಳೆ ಇದೆ, ಕಣ್ಣಿಗೆ ಕಾಣದ ಹಡಗಿಗೆ ಶಬ್ದದಿಂದ ದಾರಿ ತೋರಿಸುವ ಯಂತ್ರ. ಹತ್ತಿರ ನಿಂತಾಗ ಅದು ಕೂಗಿದರೆ ಮಕ್ಕಳು ಬೆಚ್ಚಿಬೀಳುತ್ತಾರೆ, ಮೊದಲೇ ಹೇಳಿಟ್ಟಿರಿ.

ಗುಡುಗು ಕೇಳಿದ ತಕ್ಷಣ ತಿರುಗಿ. ಇನ್ನೂ ಸ್ವಲ್ಪ ಹೋಗಿ ಒಂದು ಸೆಲ್ಫಿ ಅನ್ನೋದು ಬೇಡ. 1.3 ಕಿಲೋಮೀಟರ್ ಉದ್ದಕ್ಕೂ ಅಲ್ಲಿ ಎತ್ತರಕ್ಕಿರುವುದು ನೀವು ಮಾತ್ರ.

ಚಳಿಗಾಲದಲ್ಲಿ ಕಲ್ಲಿನ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಹೋಗಬೇಡಿ, ಅಷ್ಟೇ.

ಹಂತ 4: ಕಾಲಿಗೆ, ಮೈಗೆ, ಚೀಲಕ್ಕೆ

ಹಿಡಿತ ಇರುವ ಶೂ. ಚಪ್ಪಲಿ ಬೇಡ, ಕ್ರಾಕ್ಸ್ ಬೇಡ, ಸವೆದ ವಾಕಿಂಗ್ ಶೂ ಕೂಡ ಬೇಡ. ಅಮ್ಮಂದಿರು ಸೀರೆಯಲ್ಲೇ ನಡೆಯುವುದಾದರೆ ನೆರಿಗೆ ಸ್ವಲ್ಪ ಮೇಲಕ್ಕೆ ಸಿಕ್ಕಿಸಿಕೊಳ್ಳಲಿ, ಗಾಳಿಗೆ ಅಂಚು ಕಾಲಿಗೆ ಸುತ್ತಿಕೊಳ್ಳುತ್ತದೆ. ಚೂಡಿದಾರ್ ಆದರೆ ನಿರಾಳ.

ಪೇಟೆಯಲ್ಲಿ ಸೆಕೆ ಇದ್ದರೂ ಗೋಡೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ಚಳಿ ಹಿಡಿಯುತ್ತದೆ. ಆಗಸ್ಟ್‌ನಲ್ಲೂ ನೀರು 15 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಾಳಿ ತಡೆಯುವ ಒಂದು ಜಾಕೆಟ್, ಕಿವಿ ಮುಚ್ಚುವ ಟೋಪಿ ಇರಲಿ. ನೆರಳು ಅನ್ನೋದೇ ಇಲ್ಲ, ತಣ್ಣಗಿರುವುದರಿಂದ ಬಿಸಿಲು ಸುಡುವುದು ಗೊತ್ತಾಗುವುದಿಲ್ಲ. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ.

ಕುಡಿಯುವ ನೀರು ತನ್ನಿ. ದೀಪಸ್ತಂಭದಲ್ಲಿ ಶೌಚಾಲಯ ಸಿಗುತ್ತದೆ ಅಂತ ನಂಬಿಕೊಂಡು ನಡೆಯಬೇಡಿ, ಪೇಟೆಯಲ್ಲೇ ಮುಗಿಸಿಕೊಂಡು ಬನ್ನಿ. ಮಕ್ಕಳು, ವಯಸ್ಸಾದವರು ಇದ್ದರೆ ಇದು ಉಬ್ಬರದಷ್ಟೇ ಮುಖ್ಯ, ಅಲ್ವಾ.

ಫೋನು, ಕಾರ್ ಕೀ, ಕನ್ನಡಕ ಇವನ್ನು ಜಿಪ್ ಇರುವ ಜೇಬಿಗೆ ಹಾಕಿ. ಕಲ್ಲಿನ ಸಂದಿಗೆ ಬಿದ್ದ ಕೀ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ, ಇಲ್ಲವೇ ಠಣ್ ಠಣ್ ಅಂತ ಕೆಳಕ್ಕೆ ಹೋಗುವುದು ಕೇಳುತ್ತದೆ. ಒಂದು ಕೀ ಇನ್ನೊಬ್ಬರ ಹತ್ತಿರ ಇರಲಿ.

ಹಂತ 5: ದಾರಿ ಮತ್ತು ಪಾರ್ಕಿಂಗ್

ಬಾಸ್ಟನ್‌ನಿಂದ ಬರುವವರು ಐ-95, ಪೋರ್ಟ್‌ಲ್ಯಾಂಡ್ ದಾಟಿ ಐ-295, ಬ್ರನ್ಸ್‌ವಿಕ್ ಹತ್ತಿರ ರೂಟ್ 1 ಹಿಡಿದರೆ ಬಾತ್, ವಿಸ್ಕ್ಯಾಸೆಟ್, ಥಾಮಸ್ಟನ್ ಮೇಲೆ ರಾಕ್‌ಲ್ಯಾಂಡ್. ಟ್ರಾಫಿಕ್ ಇಲ್ಲದಿದ್ದರೆ ಮೂರೂವರೆ ಗಂಟೆ. ಬೇಸಿಗೆಯ ವಾರಾಂತ್ಯ ವಿಸ್ಕ್ಯಾಸೆಟ್ ಸೇತುವೆ ಹತ್ತಿರ ಸಾಲು ನಿಲ್ಲುತ್ತದೆ. ಅಲ್ಲಿ ಕಳೆಯುವ ಟೈಮ್ ನಿಮ್ಮ ಉಬ್ಬರದ ಲೆಕ್ಕವನ್ನು ಕೆಡಿಸಬಹುದು, ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಕಾರ್ ಇಲ್ಲದವರಿಗೆ ಬಾಸ್ಟನ್‌ನಿಂದ ಕಾಂಕಾರ್ಡ್ ಕೋಚ್ ಲೈನ್ಸ್ ಬಸ್ ಇದೆ, ರಾಕ್‌ಲ್ಯಾಂಡ್ ಫೆರ್ರಿ ಟರ್ಮಿನಲ್‌ನಲ್ಲಿ ಇಳಿಸುತ್ತದೆ. ಬ್ರೇಕ್‌ವಾಟರ್ ಅಲ್ಲಿಂದ ಇನ್ನೂ ಒಂದಷ್ಟು ದೂರ ಊರಿನ ಉತ್ತರಕ್ಕೆ. ಟ್ಯಾಕ್ಸಿ ಮೊದಲೇ ಹೇಳಿಟ್ಟುಕೊಳ್ಳಿ, ದೊಡ್ಡ ಊರಿನ ಹಾಗೆ ಆ್ಯಪ್ ಒತ್ತಿದ ಕೂಡಲೇ ಬರುವುದಿಲ್ಲ.

ಕಾರಿನವರು ಜಿಪಿಎಸ್‌ನಲ್ಲಿ ಬರೀ 'ಲೈಟ್‌ಹೌಸ್' ಅಂತ ಹಾಕಬೇಡಿ. ಪಕ್ಕದಲ್ಲೇ ಒಂದು ದೊಡ್ಡ ರೆಸಾರ್ಟ್ ಇದೆ, ಅದರ ಅತಿಥಿಗಳ ಪಾರ್ಕಿಂಗ್‌ಗೆ ಹೋಗಿ ನಿಲ್ಲುವ ಸಾಧ್ಯತೆ ಜಾಸ್ತಿ. ರೂಟ್ 1ರಿಂದ ವಾಲ್ಡೊ ಅವೆನ್ಯೂಗೆ ತಿರುಗಿ, ಆಮೇಲೆ ಬಲಕ್ಕೆ ಸ್ಯಾಮೊಸೆಟ್ ರೋಡ್. ರಸ್ತೆ ಮುಗಿಯುವಲ್ಲಿ ಮೇರಿ ರೀಡ್ ಪಾರ್ಕ್. ಅಲ್ಲಿ ನಿಲ್ಲಿಸಿ. ಜಾಗ ಕಡಿಮೆ, ಶನಿವಾರ ಮಧ್ಯಾಹ್ನ ತುಂಬಿರುತ್ತದೆ. ಮನೆಗಳ ಮುಂದೆ ಅಡ್ಡ ನಿಲ್ಲಿಸಬೇಡಿ, ಎಳೆದುಕೊಂಡು ಹೋಗುತ್ತಾರೆ. ಆಗಸ್ಟ್ ಮೊದಲ ವಾರದ ಆಸುಪಾಸು ಊರಲ್ಲಿ ಲಾಬ್‌ಸ್ಟರ್ (ಸಿಗಡಿಯಂಥ ದೊಡ್ಡ ಕಡಲಜೀವಿ) ಹಬ್ಬ ಇರುತ್ತದೆ. ಆಗ ಹೋಟೆಲ್ಲೂ ಸಿಗುವುದಿಲ್ಲ, ಪಾರ್ಕಿಂಗೂ ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಅಂಥಾ ಕೆಲಸವೂ ಇಲ್ಲ.

ಹಂತ 6: ಕಲ್ಲಿನ ಮೇಲೆ

ದಕ್ಷಿಣಕ್ಕೆ ಮುಖ ಮಾಡಿ ನಡೆಯುತ್ತೀರಿ. ಬಲಗಡೆ ಬಂದರು, ಎಡಗಡೆ ಕೊಲ್ಲಿ. ಶಾಂತ ದಿನದಲ್ಲೂ ಎರಡೂ ಕಡೆಯ ನೀರು ಒಂದೇ ಥರ ಇರುವುದಿಲ್ಲ. ಎಡಕ್ಕೆ ಅಲೆ ಕಲ್ಲಿಗೆ ಬಡಿಯುತ್ತಿರುತ್ತದೆ, ಬಲಕ್ಕೆ ಬಟ್ಟಲಲ್ಲಿಟ್ಟ ಎಣ್ಣೆಯ ಹಾಗೆ ಅಲ್ಲಾಡದೆ ನಿಂತಿರುತ್ತದೆ. ಗೋಡೆ ಏನು ಕೆಲಸ ಮಾಡುತ್ತಿದೆ ಅಂತ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ನಡುವಿನಲ್ಲೇ ನಡೆಯಿರಿ. ನೋಡುವಾಗ ನಿಂತು ನೋಡಿ, ನಡೆಯುವಾಗ ಕಾಲು ನೋಡಿ. ಎರಡನ್ನೂ ಒಟ್ಟಿಗೆ ಮಾಡಲು ಹೋದವರೇ ಪಾದ ಉಳುಕಿಸಿಕೊಳ್ಳುವುದು. ಅಂಚಿನ ಕೆಳಗಿನ ಕಲ್ಲುಗಳಿಗೆ ಇಳಿಯಬೇಡಿ. ಕಪ್ಪು-ಹಸಿರು ಬಣ್ಣ ಕಂಡಲ್ಲಿ ಪಾಚಿ ಇದೆ ಅಂತಲೇ ಲೆಕ್ಕ, ಒಣಗಿದಂತೆ ಕಂಡರೂ ಜಾರುತ್ತದೆ. ಗಾಳ ಹಾಕುವವರು ಕೂತಿರುತ್ತಾರೆ. ಗಾಳ ಬೀಸುವಾಗ ಕೊಕ್ಕೆ ಹಿಂದಕ್ಕೆ ಬರುತ್ತದೆ, ಅವರ ಬೆನ್ನ ಹಿಂದೆ ಹಾದುಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿ.

ಸುಸ್ತಾಗಿ ಕೂತಾಗ ಕಲ್ಲಿನ ಅಂಚನ್ನು ಹತ್ತಿರದಿಂದ ನೋಡಿ. ಕೆಲವು ಕಲ್ಲಿನಲ್ಲಿ ಒಂದರ ಪಕ್ಕ ಒಂದು, ಬೆರಳು ಕೂರುವಷ್ಟು ಅರ್ಧ ಕೊಳವೆಯಂಥ ಗೀರುಗಳು ಸಾಲಾಗಿ ಇರುತ್ತವೆ. ಕ್ವಾರಿಯಲ್ಲಿ ಸಾಲು ತೂತು ಕೊರೆದು, ಬೆಣೆ ಹೊಡೆದು ಬಂಡೆ ಸೀಳಿದ ಗುರುತು ಅದು. ಸೀಳಿದಾಗ ತೂತಿನ ಅರ್ಧ ಈ ಕಲ್ಲಿಗೆ, ಇನ್ನರ್ಧ ಆ ಕಲ್ಲಿಗೆ. ನಮ್ಮ ಕಡೆ ಕಲ್ಲು ಒಡೆಯುವವರೂ ಹೀಗೇ ಮಾಡುವುದು. ಬೆಣೆ ಹೊಡೆದವನ ಕೈ ಅಳತೆ ನೂರಿಪ್ಪತ್ತು ವರ್ಷ ಉಪ್ಪುನೀರಲ್ಲಿ ನೆನೆದರೂ ಹಾಗೇ ಇದೆ.

ನೀರಿನ ಮೇಲೆ ಬಣ್ಣಬಣ್ಣದ ಬುಂಡೆಗಳು ತೇಲುತ್ತಿರುತ್ತವೆ. ಒಂದೊಂದರ ಕೆಳಗೂ ಲಾಬ್‌ಸ್ಟರ್ ಹಿಡಿಯುವ ಬಲೆಪೆಟ್ಟಿಗೆ. ಯಾರ ಬುಂಡೆ ಯಾವ ಬಣ್ಣ ಅಂತ ಲೈಸೆನ್ಸಿನ ಜೊತೆಗೇ ನಮೂದಾಗಿರುತ್ತದೆ, ಅದೇ ಬಣ್ಣವನ್ನು ದೋಣಿಯ ಮೇಲೂ ತೋರಿಸಬೇಕು. ಮಕ್ಕಳಿಗೆ ಬಣ್ಣ ಎಣಿಸಲು ಹೇಳಿ, ದಾರಿ ಸಾಗುತ್ತದೆ.

ಹಂತ 7: ತುದಿಯಲ್ಲಿ

ಕಟ್ಟಡದ ಮೇಲೆ ಬಾವುಟ ಹಾರುತ್ತಿದ್ದರೆ ಒಳಗೆ ಸ್ವಯಂಸೇವಕರು ಇದ್ದಾರೆ, ಬಾಗಿಲು ತೆರೆದಿದೆ ಅಂತ ಅರ್ಥ. ಬೇಸಿಗೆಯ ವಾರಾಂತ್ಯಗಳಲ್ಲಿ ಸಾಮಾನ್ಯವಾಗಿ ಇರುತ್ತಾರೆ, ಹವಾಮಾನ ಕೆಟ್ಟರೆ ಇರುವುದಿಲ್ಲ. ರಿಪೇರಿ ಕೆಲಸ ನಡೆಯುತ್ತಿದ್ದರೂ ಮುಚ್ಚಿರಬಹುದು, ಆ ವರ್ಷದ ವೇಳೆ ನೋಡಿಕೊಂಡು ಹೋಗಿ. ಬೈನಾಕ್ಯುಲರ್ ಇದ್ದರೆ ಬಾವುಟ ದಡದಿಂದಲೇ ಕಾಣುತ್ತದೆ. ಕಾಣದಿದ್ದರೂ ನಡೆಯಿರಿ, ಕಟ್ಟೆಯ ಮೇಲೆ ಕೂತು ನೋಡಲು ಯಾರ ಅಪ್ಪಣೆಯೂ ಬೇಡ.

ದೀಪ ಈಗಲೂ ಕೆಲಸ ಮಾಡುತ್ತಿದೆ. 5 ಸೆಕೆಂಡಿಗೊಮ್ಮೆ ಬಿಳಿ ಬೆಳಕು. ಪ್ರತಿ ದೀಪಸ್ತಂಭಕ್ಕೂ ಬೇರೆ ಬೇರೆ ಲಯ ಇರುತ್ತದೆ, ಹಡಗಿನವರು ಅದನ್ನು ನೋಡಿಯೇ ಇದು ಯಾವ ಊರು ಅಂತ ಗುರುತಿಸುವುದು. 1960ರ ದಶಕದ ನಡುವೆ ದೀಪ ಸ್ವಯಂಚಾಲಿತವಾಯಿತು, ಕಾವಲಿನವರು ಹೋದರು. 1998ರಲ್ಲಿ ಕಟ್ಟಡ ರಾಕ್‌ಲ್ಯಾಂಡ್ ನಗರದ ಕೈಗೆ ಬಂತು. ಒಳಗೆ ಹೋದವರು ಕಾಣಿಕೆ ಡಬ್ಬಿ ಕಂಡರೆ ಸ್ವಲ್ಪ ಹಾಕಿ, ಇಟ್ಟಿಗೆ ಮನೆಯನ್ನು ಉಪ್ಪುಗಾಳಿಯಲ್ಲಿ ಉಳಿಸುವುದು ಸುಮ್ನೆ ಅಲ್ಲ.

ಇಲ್ಲಿ ಮೊದಲು ಇದ್ದದ್ದು ಫ್ರೆನೆಲ್ ಮಸೂರ. ಒಂದೇ ದಪ್ಪ ಗಾಜಿನ ಬದಲು ಉಂಗುರ ಉಂಗುರವಾಗಿ ಕತ್ತರಿಸಿದ ಗಾಜುಗಳನ್ನು ಜೋಡಿಸಿ, ಸಣ್ಣ ದೀಪದ ಬೆಳಕನ್ನೂ ದೂರಕ್ಕೆ ಕಳಿಸುವ ವ್ಯವಸ್ಥೆ. ಇಂಥ ಮಸೂರಗಳನ್ನು ಮೂಗಿನ ಹತ್ತಿರದಿಂದ ನೋಡಬೇಕಾದರೆ ಪೇಟೆಯಲ್ಲಿರುವ ಮೇನ್ ಲೈಟ್‌ಹೌಸ್ ಮ್ಯೂಸಿಯಂಗೆ ಹೋಗಿ. ಮಳೆ ಬಂದು ನಡಿಗೆ ಕೆಟ್ಟರೂ ದಿನ ಪೂರ್ತಿ ವ್ಯರ್ಥ ಆಗುವುದಿಲ್ಲ.

ಹಂತ 8: ನಡೆಯಲು ಆಗದವರನ್ನು ಕಾರಿನಲ್ಲಿ ಕೂರಿಸಬೇಡಿ

ದಯವಿಟ್ಟು. ಅಪ್ಪ ಅಮ್ಮನನ್ನು ಎರಡೂವರೆ ಗಂಟೆ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋಗುವವರನ್ನು ನೋಡಿದ್ದೇನೆ. ಅವರಿಗೆ ಬೇರೆ ದಾರಿಗಳಿವೆ, ಅದರಲ್ಲಿ ಒಂದು ನಡಿಗೆಗಿಂತ ಚೆನ್ನಾಗಿಯೇ ಇದೆ.

ಅದು ಫೆರ್ರಿ. ರಾಕ್‌ಲ್ಯಾಂಡ್ ಪೇಟೆಯ ಟರ್ಮಿನಲ್‌ನಿಂದ ಮೇನ್ ರಾಜ್ಯದ ಸರ್ಕಾರಿ ಫೆರ್ರಿ ವೈನಲ್‌ಹೇವನ್ ದ್ವೀಪಕ್ಕೆ ಹೋಗುತ್ತದೆ, ಒಂದು ಕಡೆಗೆ ಸುಮಾರು ಒಂದೂಕಾಲು ಗಂಟೆ. ಬಂದರು ಬಿಡುವಾಗ ದೀಪಸ್ತಂಭದ ಪಕ್ಕದಲ್ಲೇ ಹಾದುಹೋಗುತ್ತದೆ. ಕೂತಲ್ಲೇ ನೋಡಬಹುದು, ಒಳಗೆ ಶೌಚಾಲಯ ಇದೆ. ಕಾರ್ ಒಯ್ಯಬೇಡಿ, ಅದಕ್ಕೆ ಸಾಲು, ದುಡ್ಡು ಎರಡೂ ಜಾಸ್ತಿ. ಕಾಲ್ನಡಿಗೆ ಟಿಕೆಟ್ ತೆಗೆದುಕೊಳ್ಳಿ. ಒಂದೇ ಎಚ್ಚರಿಕೆ, ವಾಪಸ್ ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವ ಮುಂಚೆ ಕೇಳಿಕೊಳ್ಳಿ. ತಪ್ಪಿದರೆ ದ್ವೀಪದಲ್ಲಿ ಆ ರಾತ್ರಿಗೆ ರೂಮ್ ಹುಡುಕುವುದು ಕಷ್ಟ.

ಇನ್ನೊಂದು ಔಲ್ಸ್ ಹೆಡ್, ಕಾರಿನಲ್ಲಿ ಕಾಲು ಗಂಟೆ. ಅಲ್ಲಿಯ ದೀಪಸ್ತಂಭ ಮೊದಲು 1825ರಲ್ಲಿ ಬಂತು, ಈಗಿರುವ ಗೋಪುರ 1852ರದು. ಗೋಪುರ ಗಿಡ್ಡ, ಆದರೆ ಕಡಿದಾದ ಗುಡ್ಡದ ಮೇಲಿದೆ. ಮರಗಳ ನೆರಳಲ್ಲಿ ಸಣ್ಣ ನಡಿಗೆ. ಕೊನೆಯ ಮರದ ಮೆಟ್ಟಿಲು ಹತ್ತದೆ ಕೆಳಗಿನಿಂದಲೇ ನೋಡಿ ಬರಬಹುದು. ನಡೆಯುವುದೇ ಬೇಡ ಅನ್ನುವವರಿಗೆ ಉತ್ತರಕ್ಕೆ ಕ್ಯಾಮ್ಡೆನ್ ಊರಿನ ಮೌಂಟ್ ಬ್ಯಾಟಿ. ತುದಿವರೆಗೂ ಕಾರ್ ಹೋಗುತ್ತದೆ, ಮೇಲಿಂದ ಕೊಲ್ಲಿ, ದ್ವೀಪಗಳು ಎಲ್ಲ ಕಾಣುತ್ತವೆ. ರಾಜ್ಯ ಉದ್ಯಾನದ ಪ್ರವೇಶ ಶುಲ್ಕ ಇದೆ.

ಹಂತ 9: ಊಟ, ಆಮೇಲೆ ವಾಪಸ್

ಮೀನು ತಿನ್ನುವವರಿಗೆ ಹೇಳಬೇಕಾದ್ದೇನಿಲ್ಲ, ಲಾಬ್‌ಸ್ಟರ್ ರೋಲ್ ತಿನ್ನದೆ ಬರುವವರು ಅಪರೂಪ. ಸಸ್ಯಾಹಾರಿಗಳು ಮೂರು ಕಡೆ ಎಡವುತ್ತಾರೆ. ಚೌಡರ್ ಅಂದರೆ ಹಾಲು ಹಾಕಿದ ಗಟ್ಟಿ ಸೂಪು. ತರಕಾರಿ ಸೂಪಿನ ಹಾಗೆ ಕಂಡರೂ ಹೆಚ್ಚಿನದರಲ್ಲಿ ಚಿಪ್ಪಿನ ಮಾಂಸ ಅಥವಾ ಮೀನು ಇರುತ್ತದೆ, ಜೋಳದ ಚೌಡರ್‌ಗೂ ಬೇಕನ್, ಅಂದರೆ ಹಂದಿ ಮಾಂಸ, ಹಾಕುವುದುಂಟು. ಫ್ರೆಂಚ್ ಫ್ರೈಸ್ ಮೀನು ಕರಿದ ಎಣ್ಣೆಯಲ್ಲೇ ಕರಿದದ್ದಾಗಿರಬಹುದು, ಬೇರೆ ಬಾಣಲೆಯೋ ಕೇಳಿ. ಬ್ಲೂಬೆರಿ ಪೈ ಇಲ್ಲಿಯ ಹೆಸರಾದ ತಿಂಡಿ, ಆಗಸ್ಟ್‌ನಲ್ಲಿ ಕಾಡು ಬ್ಲೂಬೆರಿ ಬರುತ್ತದೆ. ಆದರೆ ಕೆಲವರು ಅದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ, ಅದನ್ನೂ ಕೇಳಿ. ಇಷ್ಟೆಲ್ಲ ಕೇಳುವ ತಲೆನೋವು ಬೇಡ ಅನ್ನುವವರು ಪುಳಿಯೋಗರೆ, ಚಪಾತಿ-ಪಲ್ಯ ಕಟ್ಟಿಕೊಂಡು ಬನ್ನಿ. ತಿನ್ನುವುದನ್ನು ದಡದಲ್ಲೇ ತಿಂದು ಮುಗಿಸಿ. ಬ್ರೇಕ್‌ವಾಟರ್ ಮೇಲೆ ಡಬ್ಬಿ ತೆಗೆದರೆ ಕಡಲಕಾಗೆಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ.

ಭಾನುವಾರ ಮಧ್ಯಾಹ್ನ ಬಾಸ್ಟನ್ ಕಡೆ ವಾಪಸ್ ಹೊರಡುವವರು ರೂಟ್ 1ರಲ್ಲಿ ಹೋಗಬೇಡಿ. ರಾಕ್‌ಲ್ಯಾಂಡ್‌ನಿಂದ ರೂಟ್ 17 ಹಿಡಿದು ಅಗಸ್ಟಾ, ಅಲ್ಲಿಂದ ಹೆದ್ದಾರಿ. ದೂರ ಸ್ವಲ್ಪ ಜಾಸ್ತಿಯಾದರೂ ವಿಸ್ಕ್ಯಾಸೆಟ್ ಸಾಲು ತಪ್ಪುತ್ತದೆ. ಅಗಸ್ಟಾ ಮುಟ್ಟುವವರೆಗೆ ಪೆಟ್ರೋಲ್ ಬಂಕ್ ಕಡಿಮೆ, ಊರು ಬಿಡುವ ಮುಂಚೆಯೇ ತುಂಬಿಸಿಕೊಳ್ಳಿ. ಕತ್ತಲಾದ ಮೇಲೆ ಆ ರಸ್ತೆಗೆ ಜಿಂಕೆ ಅಡ್ಡ ಬರುತ್ತವೆ, ನಿಧಾನ ಓಡಿಸಿ.